ಅಲೆಯೇರುವ ಹಲಗೆಗೆ ಈಜುರೆಕ್ಕೆ ಬೇಕೆ?

ಸಂಕ್ರಾಂತಿಯ ಸುಮಾರಿಗೆ ಬೀದರಿನ ಮಾಳಿಗೆಗಳ ಮೇಲೆ ಎರಡು ಬಗೆಯ ಗಾಳಿಪಟಗಳು ಏಳುವುದನ್ನು ನೀವು ಕಂಡಿರಬಹುದು. ಒಂದಕ್ಕೆ ಉದ್ದನೆಯ ಬಾಲಂಗೋಚಿ ಉಂಟು. ಅದು ಸಾಧುವಾದ ಪಟ, ಚಿಕ್ಕ ಮಕ್ಕಳ ಕೈಯಲ್ಲಿಯೂ ಗಾಳಿಗೆ ನೆಟ್ಟಗೆ ನಿಲ್ಲುತ್ತದೆ. ಇನ್ನೊಂದಕ್ಕೆ ಬಾಲವಿಲ್ಲ. ದಾರವನ್ನು ಬಿಗಿಹಿಡಿದರೆ ಅದು ಮೂತಿ ತಿರುಗಿದ ಕಡೆಗೆ ಧಾವಿಸುತ್ತದೆ. ಸಡಿಲಿಸಿದರೆ ಗಿರ್ರನೆ ಸುತ್ತುತ್ತದೆ. ಪಂದ್ಯಕ್ಕಿಳಿಯುವ ನುರಿತವರು ಹಿಡಿಯುವುದು ಈ ಎರಡನೆಯದನ್ನೇ. ಇವೆರಡರ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಹಲಗೆಯೊಂದನ್ನು ಎದೆಗೆ ಒತ್ತಿಕೊಂಡು, ಬೋರಲು ಮಲಗಿ, ಕಡಲಿನ ಅಲೆಯ ಮೇಲೆ ದಡಕ್ಕೆ ಜಾರಿಬರುವ ಆಟದ ಇತಿಹಾಸ ಅರ್ಧ ತಿಳಿದಂತೆಯೇ ಸರಿ.

“ಕಡಲೆಲ್ಲಿ, ನಾವೆಲ್ಲಿ?” ಎಂದು ನೀವು ಕೇಳಬಹುದು. ಪಡುವಣ ಕಡಲು ಬೀದರಿನಿಂದ ಹಕ್ಕಿ ಹಾರುವ ದಾರಿಯಲ್ಲಿಯೂ ೪೦೦ ಕಿಲೋಮೀಟರಿಗಿಂತ ಹೆಚ್ಚು ದೂರ. ಆದರೂ ಈ ಊರಿಗೆ ಕಡಲಿನ ನಂಟು ಹಳೆಯದು. ೧೫ನೆಯ ಶತಮಾನದಲ್ಲಿ ರಷ್ಯದ ವರ್ತಕ ಅಫನಾಸಿ ನಿಕಿಟಿನ್ ಕುದುರೆಯೊಂದನ್ನು ಹಡಗಿನಲ್ಲಿ ಹೇರಿಕೊಂಡು ಬಂದು, ಚೌಲ್ ಬಂದರಿನಲ್ಲಿಳಿದು, ಕೊನೆಗೆ ಅದನ್ನು ಮಾರಿದ್ದು ಬಹಮನಿ ರಾಜಧಾನಿಯಾಗಿದ್ದ ಇದೇ ಬೀದರಿನಲ್ಲಿ. ಇಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನನೂ ಕಡಲು ದಾಟಿ ಬಂದ ವರ್ತಕನೇ. ೧೪೭೨ರಲ್ಲಿ ಗೋವೆಯ ಬಂದರನ್ನು ಗೆದ್ದವನೂ ಅವನೇ. ಇಂದು ನಮ್ಮ ಮಕ್ಕಳು ಪ್ರವಾಸದ ಬಸ್ಸು ಹತ್ತಿ ಗೋಕರ್ಣ, ಮುರುಡೇಶ್ವರ, ಮಲ್ಪೆಗಳಿಗೆ ಹೋಗಿಬರುತ್ತಾರೆ. ಆದುದರಿಂದ ಅಲೆಯ ಸ್ವಭಾವವನ್ನೂ ಅದರ ಮೇಲೇರುವ ಹಲಗೆಯ ಸ್ವಭಾವವನ್ನೂ ಅರಿತಿರುವುದು ನಮಗೆ ಬರಿಯ ಕುತೂಹಲದ ಮಾತಲ್ಲ.

ಮೊದಲು ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನರು ಹೊಳೆ ದಾಟುತ್ತಿದ್ದ ದೋಣಿಗಳನ್ನು ವರ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಗೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ನಮ್ಮ ಹರಿಗೋಲಿನ ಚಿತ್ರವಿದು. ಹುಟ್ಟು ಹಾಕುತ್ತಿದ್ದರೂ ಅವು ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುತ್ತವೆ ಎಂಬುದನ್ನು ಅವನು ಮರೆಯದೆ ದಾಖಲಿಸಿದ. ಕಾರಣ ಸರಳ. ದುಂಡನೆಯ ವಸ್ತುವಿಗೆ ಹಿಂದು ಮುಂದು ಎಂಬುದಿಲ್ಲ. ನೀರನ್ನು ಕಚ್ಚಿ ಹಿಡಿಯಲು ಅಂಚಿಲ್ಲ, ಬೆನ್ನೆಲುಬಿಲ್ಲ. ಭಾಲ್ಕಿ, ಔರಾದ ಕಡೆಯ ರೈತರಿಗೆ ಇದನ್ನು ಹೊಲದ ಭಾಷೆಯಲ್ಲಿ ಹೇಳಬಹುದು: ನೇಗಿಲಿನ ಕುಳ ಮಣ್ಣಿನೊಳಕ್ಕೆ ಇಳಿದಿರುವುದರಿಂದ ಸಾಲು ಬಿಟ್ಟು ಸರಿಯುವುದಿಲ್ಲ, ಹೊಲವನ್ನು ಸಮಮಾಡುವ ಕೊರಡಾದರೋ ಮಣ್ಣಿನ ಮೇಲೇ ಜಾರುವುದರಿಂದ ಎತ್ತು ಓರೆಯಾದೊಡನೆ ತಾನೂ ಓರೆಯಾಗುತ್ತದೆ.

ಅಲೆಯ ಮೇಲಿನ ಹಲಗೆಯ ಸಮಸ್ಯೆಯೂ ಇದೇ. ಅದಕ್ಕೆ ವೇಗವನ್ನು ಅಲೆಯೇ ಕೊಡುತ್ತದೆ. ನೀರಿನ ಮೇಲೆ ಹಿಡಿತವನ್ನು ಮಾತ್ರ ಮನುಷ್ಯನೇ ಸಂಪಾದಿಸಿಕೊಳ್ಳಬೇಕು. ಹಲಗೆಯ ಆಕಾರದ ಇತಿಹಾಸವೆಲ್ಲ ಈ ಹಿಡಿತವನ್ನು ಅರಸಿ ಹೊರಟವರ ಇತಿಹಾಸ.

ಅಲೆ ಎಂದರೇನೆಂಬುದನ್ನೂ ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಮಳೆಗಾಲದಲ್ಲಿ ತುಂಬಿ ಹರಿಯುವ ಮಾಂಜ್ರಾ ನದಿಗೆ ಒಂದು ಕಡ್ಡಿಯನ್ನು ಎಸೆಯಿರಿ. ಅದು ನೀರಿನೊಡನೆ ಕೊಚ್ಚಿಹೋಗುತ್ತದೆ. ಅದೇ ಕಡ್ಡಿಯನ್ನು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಲ್ಲಿ ಗಾಳಿಯೆಬ್ಬಿಸಿದ ತೆರೆಗಳ ನಡುವೆ ಎಸೆದರೆ, ತೆರೆ ಮುಂದೆ ಸಾಗುತ್ತದೆ, ಕಡ್ಡಿ ಏರಿ ಇಳಿದು ಬಹುಮಟ್ಟಿಗೆ ಅಲ್ಲಿಯೇ ಉಳಿಯುತ್ತದೆ. ಸಾಗುವುದು ಶಕ್ತಿ, ನೀರಲ್ಲ. ಕಡಲಿನ ಅಲೆ ದಡದ ಬಳಿಯ ಆಳವಿಲ್ಲದ ನೀರಿಗೆ ಬಂದಾಗ ಅದರ ಬುಡ ನಿಧಾನವಾಗಿ, ತಲೆ ಎತ್ತರವಾಗಿ, ಮುಂಭಾಗ ಕಡಿದಾದ ಇಳಿಜಾರಾಗುತ್ತದೆ. ಆ ಇಳಿಜಾರಿನಲ್ಲಿ ಹಲಗೆ ಕೆಳಕ್ಕೆ ಜಾರುತ್ತಿರುತ್ತದೆ, ಇಳಿಜಾರು ಮುಂದಕ್ಕೆ ಸಾಗುತ್ತಿರುತ್ತದೆ. ಕೊನೆಮುಟ್ಟದ ಗುಡ್ಡವನ್ನು ಇಳಿದಂತೆ.

ಈ ಆಟವನ್ನು ಯೂರೋಪಿನವರು ಬರೆದಿಟ್ಟ ಮೊದಮೊದಲ ವರದಿಗಳಲ್ಲಿ ಒಂದು ೧೭೬೯ರ ಮೇ ತಿಂಗಳಿನದು. ಕ್ಯಾಪ್ಟನ್ ಕುಕ್‌ನೊಡನೆ ತಾಹಿತಿ ದ್ವೀಪಕ್ಕೆ ಹೋಗಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್, ಅಲ್ಲಿನ ಜನ ಹಳೆಯ ದೋಣಿಯೊಂದರ ಹಿಂಭಾಗದ ತುಂಡನ್ನು ಮುಂದೆ ಹಿಡಿದು ಅಲೆಗಳಾಚೆಗೆ ಈಜಿ, ಅದರ ಮೊಂಡು ತುದಿಯನ್ನು ಅಲೆಗೆ ಒಡ್ಡಿ, ರಭಸದಿಂದ ದಡಕ್ಕೆ ಬರುವುದನ್ನು ಕಂಡ. ಹತ್ತು ವರ್ಷಗಳ ತರುವಾಯ, ೧೭೭೯ರಲ್ಲಿ, ಹವಾಯಿಯ ಕೀಲಕೆಕುವಾ ಕೊಲ್ಲಿಯಲ್ಲಿ ಲೆಫ್ಟಿನೆಂಟ್ ಜೇಮ್ಸ್ ಕಿಂಗ್ ಕಂಡದ್ದು ಆಟಕ್ಕೆಂದೇ ಮಾಡಿದ ಹಲಗೆಗಳನ್ನು. ಜನ ಅವುಗಳ ಮೇಲೆ ಉದ್ದುದ್ದ ಮಲಗಿ ಬರುತ್ತಿದ್ದರು. ಹವಾಯಿಯಲ್ಲಿ ಉದ್ದದ ಹಲಗೆ ‘ಓಲೊ’, ಮಧ್ಯಮದ್ದು ‘ಅಲಾಯಾ’, ಮಲಗಿ ಸವಾರಿ ಮಾಡುವ ಗಿಡ್ಡನೆಯದು ‘ಪೈಪೊ’. ನಮ್ಮ ಹೊಲದ ಬದುವಿನ ಜಾಲಿಯ ಬಳಗಕ್ಕೆ ಸೇರಿದ ಕೋವಾ ಮರದಿಂದಲೂ, ಮಂಗಳೂರಿನವರು ಜೀಗುಜ್ಜೆ ಎನ್ನುವ ಮರದಿಂದಲೂ ಅವನ್ನು ಕಡೆಯುತ್ತಿದ್ದರು. ಯಾವುದಕ್ಕೂ ಈಜುರೆಕ್ಕೆಯಿರಲಿಲ್ಲ. ತಳದ ಉಬ್ಬು, ಅಂಚಿನ ದುಂಡು, ನೀರಿಗೆ ಇಳಿಬಿಟ್ಟ ಕಾಲು, ಇವಿಷ್ಟೇ ಅವರ ಚುಕ್ಕಾಣಿ.

ದುಂಡಗಿನ ಅಂಚು ಹಿಡಿತ ಕೊಡುವುದಾದರೂ ಹೇಗೆ? ಇದನ್ನು ನಿಮ್ಮ ಅಡಿಗೆಮನೆಯಲ್ಲಿಯೇ ಪರೀಕ್ಷಿಸಬಹುದು. ನಲ್ಲಿಯನ್ನು ಸಣ್ಣಗೆ ತಿರುಗಿಸಿ, ಚಮಚವೊಂದರ ಹಿಡಿಯ ತುದಿಯನ್ನು ಎರಡು ಬೆರಳಿನಲ್ಲಿ ಸಡಿಲವಾಗಿ ಹಿಡಿದು, ಅದರ ಉಬ್ಬಿದ ಬೆನ್ನನ್ನು ನೀರಿನ ಧಾರೆಗೆ ಸೋಕಿಸಿ. ನೀರು ಚಮಚವನ್ನು ಆಚೆಗೆ ತಳ್ಳುವುದೆಂದು ನೀವು ಎಣಿಸುವಿರಿ. ಆಗುವುದು ಅದಕ್ಕೆ ವಿರುದ್ಧ. ನೀರು ಉಬ್ಬಿಗೆ ಅಂಟಿಕೊಂಡು ಬಾಗುತ್ತದೆ, ಚಮಚವನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಚಮಚವನ್ನಿಟ್ಟು ಚೂರಿಯನ್ನು ಹಿಡಿದರೆ, ನೀರು ಅದರ ಹರಿತವಾದ ಅಂಚಿನಿಂದ ಥಟ್ಟನೆ ಕಳಚಿಕೊಳ್ಳುತ್ತದೆ. ಹಲಗೆಯ ಅಂಚಿನಲ್ಲಿ ನಡೆಯುವುದೂ ಇದೇ. ದುಂಡಗಿನ ಅಂಚನ್ನು ಅಲೆಯ ಇಳಿಜಾರಿಗೆ ಒತ್ತಿದರೆ ನೀರು ಅದನ್ನು ಬಳಸಿ ಹರಿದು ಹಲಗೆಯನ್ನು ಅಲೆಗೆ ಕಟ್ಟಿಹಾಕುತ್ತದೆ. ಹರಿತವಾದ ಅಂಚು ನೀರನ್ನು ಬಿಡಿಸಿ ಕಳಿಸುವುದರಿಂದ ವೇಗ ಹೆಚ್ಚುತ್ತದೆ. ಹಿಡಿಯುವ ಅಂಚು ಎಲ್ಲಿರಬೇಕು, ಬಿಡುವ ಅಂಚು ಎಲ್ಲಿರಬೇಕು ಎಂಬ ವಿವೇಕವೇ ಹಲಗೆ ಕಡೆಯುವವನ ವಿದ್ಯೆ.

೧೯ನೆಯ ಶತಮಾನದಲ್ಲಿ ಹೊರಗಿನಿಂದ ಬಂದ ರೋಗಗಳಿಗೆ ಸಿಕ್ಕಿ ಹವಾಯಿಯ ಜನಸಂಖ್ಯೆ ಕುಸಿಯಿತು. ಪಾದ್ರಿಗಳಿಗೂ ಈ ಆಟ ಹಿಡಿಸಲಿಲ್ಲ. ಆಟ ಬಹಳ ಕ್ಷೀಣಿಸಿತು. ೨೦ನೆಯ ಶತಮಾನದ ಆರಂಭದಲ್ಲಿ ವೈಕೀಕಿಯ ದಡದಲ್ಲಿ ಅದು ಮತ್ತೆ ಚೇತರಿಸಿಕೊಂಡಾಗ ಎದ್ದುನಿಂತು ಸವಾರಿ ಮಾಡುವವರದೇ ಮೇಲುಗೈಯಾಯಿತು. ಇಲ್ಲಿಂದ ಹಿಡಿತದ ಪ್ರಶ್ನೆ ತೀವ್ರವಾಯಿತು. ನಿಂತವನ ಭಾರ ಎತ್ತರದಲ್ಲಿರುತ್ತದೆ. ಮಲಗಿದವನಂತೆ ಅವನು ಸೊಂಟದಿಂದ ಅಂಚನ್ನು ಒತ್ತಲಾರ. ಕಡಿದಾದ ಅಲೆಯಲ್ಲಿ ಅವನ ಹಲಗೆಯ ಬಾಲ ಜಾರಿ ಪಕ್ಕಕ್ಕೆ ತಿರುಗಿಬಿಡುತ್ತಿತ್ತು.

ಈ ಪ್ರಶ್ನೆಗೆ ಎರಡೇ ವರ್ಷಗಳ ಅಂತರದಲ್ಲಿ ಎರಡು ಉತ್ತರಗಳು ದೊರೆತುವು. ೧೯೩೫ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದ ಈಜುಗಾರ ಹಳೆಯ ಮೋಟಾರು ದೋಣಿಯೊಂದರ ತಳದ ಲೋಹದ ಪಟ್ಟಿಯನ್ನು ತನ್ನ ಹಲಗೆಯ ಬಾಲದಡಿಗೆ ಬಿಗಿದ. ಅಲೆಯೇರುವ ಹಲಗೆಗೆ ಈಜುರೆಕ್ಕೆ ಬಂದುದು ಹಾಗೆ. ಬಾಣದ ಹಿಂದೆ ಕಟ್ಟಿದ ಗರಿಯ ಕೆಲಸವೇ ಅದರದು: ಹಲಗೆ ಓರೆಯಾದೊಡನೆ ನೀರು ರೆಕ್ಕೆಯ ಪಕ್ಕಕ್ಕೆ ಒತ್ತಿ ಬಾಲವನ್ನು ಸಾಲಿಗೆ ತಳ್ಳುತ್ತದೆ. ಎರಡನೆಯ ಉತ್ತರ ೧೯೩೭ರದು. ಹೊನೊಲುಲುವಿನ ತರುಣರಾದ ಜಾನ್ ಕೆಲ್ಲಿ ಮತ್ತು ಫ್ರಾನ್ ಹೀತ್ ಏನನ್ನೂ ಜೋಡಿಸಲಿಲ್ಲ. ಹಲಗೆಯ ಅಗಲವಾದ ಬಾಲವನ್ನು ಕೊಡಲಿಯಿಂದ ಕೆತ್ತಿ ಕಿರಿದುಮಾಡಿ, ಅದರ ತಳವನ್ನು ದೋಣಿಯ ತಳದಂತೆ ಕೋನವಾಗಿ ಇಳಿಸಿದರು. ಕಿರಿದಾದ ಬಾಲ ನೀರಿನಲ್ಲಿ ಆಳವಾಗಿ ಕೂತು ತಾನೇ ರೆಕ್ಕೆಯಾಯಿತು. ಒಬ್ಬನು ಪಟಕ್ಕೆ ಬಾಲಂಗೋಚಿ ಕಟ್ಟಿದ. ಇನ್ನಿಬ್ಬರು ಪಟವನ್ನೇ ತಿದ್ದಿದರು.

ನಿಂತು ಸವಾರಿ ಮಾಡುವವರ ಜಗತ್ತಿನಲ್ಲಿ ಗೆದ್ದುದು ಬ್ಲೇಕನ ದಾರಿ. ಮುಂದೆ ಎರಡು ರೆಕ್ಕೆಗಳ ಹಲಗೆ ಬಂದಿತು. ಆಸ್ಟ್ರೇಲಿಯದ ಸೈಮನ್ ಆಂಡರ್ಸನ್ ೧೯೮೦ರಲ್ಲಿ ರೂಪಿಸಿದ ಮೂರು ರೆಕ್ಕೆಗಳ ಹಲಗೆ ಇಂದಿಗೂ ಬಹು ಬಳಕೆಯಲ್ಲಿದೆ. ಮಲಗುವವರ ಆಟಕ್ಕೆ ಹೊಸ ಜೀವ ಬಂದುದು ೧೯೭೧ರ ಜುಲೈನಲ್ಲಿ. ಗಣಿತದ ಪದವೀಧರನಾಗಿ, ವಿಮಾನ ಕಾರ್ಖಾನೆಯಲ್ಲಿಯೂ ದುಡಿದಿದ್ದ ಟಾಮ್ ಮೋರೆ, ಹವಾಯಿಯಲ್ಲಿ ಪಾಲಿಥೀನಿನ ಫೋಮಿನ ತುಂಡೊಂದನ್ನು ಚೂರಿಯಿಂದ ಕೊಯ್ದು, ಮೇಲೆ ವೃತ್ತಪತ್ರಿಕೆಯ ಹಾಳೆಯಿಟ್ಟು ಬಟ್ಟೆಯ ಇಸ್ತ್ರಿಪೆಟ್ಟಿಗೆಯಿಂದ ಕಾಯಿಸಿ ರೂಪಕೊಟ್ಟ. ಸುಮಾರು ನಾಲ್ಕೂವರೆ ಅಡಿಯ ಆ ಮೆತ್ತನೆಯ ಹಲಗೆಯೇ ಇಂದಿನ ಬಾಡಿಬೋರ್ಡಿನ ಮೂಲ. ಸ್ವಾರಸ್ಯವೆಂದರೆ, ಕಳಚಿ ಜೋಡಿಸಬಹುದಾದ ಈಜುರೆಕ್ಕೆಗಳನ್ನು ಮಾರುಕಟ್ಟೆಗೆ ತಂದವರಲ್ಲಿ ಮೋರೆಯೂ ಒಬ್ಬ. ಅಂಥವನು ತನ್ನ ಹೊಸ ಹಲಗೆಗೆ ರೆಕ್ಕೆ ಹಚ್ಚಲಿಲ್ಲ.

ಏಕೆಂದರೆ ಆ ಹೊತ್ತಿಗೆ ರೆಕ್ಕೆ ಸವಾರನ ಕಾಲಿಗೇ ಬಂದಿತ್ತು. ಫ್ರಾನ್ಸಿನ ನೌಕಾಧಿಕಾರಿ ಲೂಯಿ ದ ಕೊರ್ಲಿಯೊ ೧೯೩೩ರಲ್ಲಿ ಕಾಲಿಗೆ ತೊಡುವ ಈಜುರೆಕ್ಕೆಗೆ ಪೇಟೆಂಟು ಪಡೆದಿದ್ದ. ಅಮೆರಿಕದ ಓವನ್ ಚರ್ಚಿಲ್ ಅದನ್ನು ರಬ್ಬರಿನಲ್ಲಿ ಮಾಡಿ ಜನಬಳಕೆಗೆ ತಂದ. ಮಲಗಿದವನು ಅದರಿಂದ ಒದ್ದು ಅಲೆಯನ್ನು ಹಿಡಿಯುತ್ತಾನೆ. ಬೇಕೆಂದಾಗ ಒಂದು ಕಾಲನ್ನು ನೀರಿಗೆ ಇಳಿಬಿಟ್ಟು ಅದನ್ನೇ ಚುಕ್ಕಾಣಿಯಾಗಿಸಿಕೊಳ್ಳುತ್ತಾನೆ. ಉಳಿದುದನ್ನೆಲ್ಲ ಆಕಾರವೇ ನೋಡಿಕೊಳ್ಳುತ್ತದೆ. ಮೂತಿ ತುಸು ಮೇಲಕ್ಕೆ ಬಾಗಿರುವುದು ನೀರಿಗೆ ಚುಚ್ಚಿಕೊಳ್ಳದಿರಲೆಂದು. ಬಾಗು ಅತಿಯಾದರೆ ನೀರನ್ನು ತಳ್ಳುತ್ತ ನಿಧಾನವಾಗುತ್ತದೆ, ಸಪಾಟಾದರೆ ಓಡುತ್ತದೆ. ಬಾಲ ಚಂದ್ರನ ಕಲೆಯಂತೆ ಒಳಕ್ಕೆ ಬಾಗಿದ್ದರೆ ಅದರ ಎರಡು ಮೊನೆಗಳು ನೀರನ್ನು ಕಚ್ಚುತ್ತವೆ, ನಡುವಿನ ತಗ್ಗಿನಲ್ಲಿ ಸವಾರನ ಸೊಂಟ ಕೂರುತ್ತದೆ. ತಳದಲ್ಲಿ ಬಾಲದ ಕಡೆಗೆ ತೋಡಿದ ಕಾಲುವೆಗಳು ಚಿಕ್ಕ ರೆಕ್ಕೆಗಳಂತೆಯೇ ನೀರಿಗೆ ದಿಕ್ಕು ತೋರುತ್ತವೆ. ಮೈಯನ್ನು ಮುಂದಕ್ಕೆ ಸರಿಸಿದರೆ ವೇಗ, ಹಿಂದಕ್ಕೆ ಸರಿಸಿದರೆ ತಡೆ. ಇಂಥ ಹಲಗೆಯ ತಳಕ್ಕೂ ಗಟ್ಟಿ ರೆಕ್ಕೆ ಹಚ್ಚಬಹುದು. ನೆಟ್ಟಗೆ ಹೋಗಲು ಅದು ಸಹಾಯಕವೇ. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಉಂಟು: ನೀರಿನ ತಡೆ ಹೆಚ್ಚುತ್ತದೆ, ಸುತ್ತುವ ಸ್ವಾತಂತ್ರ್ಯ ಹೋಗುತ್ತದೆ, ಉರುಳಿದಾಗ ಮೈಗೆ ತಾಗುತ್ತದೆ.

ಈ ವಿದ್ಯೆಯೀಗ ಕರ್ನಾಟಕಕ್ಕೆ ಹೊರಗಿನದಲ್ಲ. ಮಂಗಳೂರಿಗೆ ಬಡಗಲ ಮೂಲ್ಕಿಯಲ್ಲಿ ೨೦೦೪ರಲ್ಲಿ ಅಲೆಸವಾರಿಯ ಆಶ್ರಮವೊಂದು ಆರಂಭವಾಯಿತು. ಅಲ್ಲಿನ ‘ಮಂತ್ರ ಸರ್ಫ್ ಕ್ಲಬ್ಬು’ ಅನೇಕರಿಗೆ ಈ ಆಟವನ್ನು ಕಲಿಸಿದೆ. ಸಮೀಪದ ಸಸಿಹಿತ್ಲುವಿನಲ್ಲಿ, ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲು ಸೇರುವೆಡೆ, ೨೦೧೬ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ನದಿ ತಂದೊಡ್ಡಿದ ಮರಳು ದಿಣ್ಣೆಯ ಮೇಲೆ ಅಲೆ ಓರೆಯಾಗಿ ಮುರಿಯುತ್ತದೆ. ಅಂಥ ಅಲೆಯ ಉದ್ದಕ್ಕೂ ಅಡ್ಡಲಾಗಿ ಸಾಗುವವನಿಗೆ ಅಂಚಿನ ಹಿಡಿತ ಬೇಕೇ ಬೇಕು. ನೇರ ದಡಕ್ಕೆ ಜಾರುವ ಎಳೆಯರಿಗೆ ಆ ತೊಂದರೆಯಿಲ್ಲ.

ಕೊನೆಯದಾಗಿ, ಬಯಲುನಾಡಿನ ನಮಗೆ ಸಂಬಂಧಿಸಿದ ಮಾತು. ೨೦೨೪ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಕೋಲಾರವೂ ಬೀದರಿನಂತೆ ಕಡಲಿಲ್ಲದ ಜಿಲ್ಲೆ. ನಿಮ್ಮ ಮಕ್ಕಳು ಕರಾವಳಿಗೆ ಹೊರಟರೆ ಕೆಲವು ವಿಷಯಗಳನ್ನು ತಿಳಿಹೇಳಿ ಕಳಿಸಿ. ಮಳೆಗಾಲದ ಕಡಲಿಗೆ ಇಳಿಯಬಾರದು. ಜೀವರಕ್ಷಕರು ಬೇಡವೆಂದ ಕಡೆ ಕಾಲಿಡಬಾರದು. ಹಲಗೆ ಈಜಿಗೆ ಬದಲಿಯಲ್ಲ. ಮೊದಲು ಈಜು, ಆಮೇಲೆ ಹಲಗೆ. ಕಲಿಯುವವರಿಗೆ ಗಟ್ಟಿ ರೆಕ್ಕೆಯಿಲ್ಲದ ಮೆತ್ತನೆಯ ಹಲಗೆಯೇ ಲೇಸು, ಅದರ ಹಗ್ಗ ಕೈಗೆ ಕಟ್ಟಿರಲಿ, ಕಲಿಸುವವರು ಬಳಿಯಲ್ಲಿರಲಿ. ದಡದಿಂದ ಒಳಕ್ಕೆಳೆಯುವ ಸೆಳವಿಗೆ ಸಿಕ್ಕರೆ ಹಲಗೆಯನ್ನು ಬಿಡದೆ, ಸೆಳವಿಗೆ ಎದುರಾಗಿ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಕೈಯೆತ್ತಿ ಸಹಾಯ ಕೂಗಬೇಕು. ಊರಿಗೆ ಮರಳಿದ ಮೇಲೆ ಆ ಹಲಗೆಯನ್ನು ತುಂಬಿದ ಮಾಂಜ್ರಾಕ್ಕೆ ಇಳಿಸುವ ಸಾಹಸ ಮಾತ್ರ ಬೇಡ. ಅಲೆ ದಡಕ್ಕೆ ತರುತ್ತದೆ, ಪ್ರವಾಹ ಕೊಚ್ಚಿಕೊಂಡು ಹೋಗುತ್ತದೆ.

ಹಾಗಾದರೆ ಹಲಗೆಗೆ ಈಜುರೆಕ್ಕೆ ಬೇಕೆ? ನಿಂತವನಿಗೆ ಬಹುಮಟ್ಟಿಗೆ ಬೇಕು. ಮಲಗಿದವನಿಗೆ ಅಂಚು, ಬಾಲ, ಸೊಂಟ, ಕಾಲುಗಳೇ ಸಾಕು. ಆದರೆ ಅವನ್ನು ಬಳಸುವ ಅಭ್ಯಾಸ ಅವನಲ್ಲಿರಬೇಕು. ಮುಂದಿನ ಸಂಕ್ರಾಂತಿಗೆ ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು, ಬಾಲವಿರುವ ಪಟವನ್ನೂ ಬಾಲವಿಲ್ಲದ ಪಟವನ್ನೂ ಒಂದಾದ ಮೇಲೊಂದರಂತೆ ಅವರ ಕೈಗೆ ಕೊಟ್ಟು ನೋಡಿ. ಕಡಲನ್ನು ಕಾಣುವ ಮೊದಲೇ ಅವರಿಗೆ ಇದು ಅರ್ಥವಾದೀತು.