ಮಾರಾಟದ ಖಾತೆಗೆ ಹೊಸ ಗುಮಾಸ್ತ

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅದರ ಲೇತುಗಳು ದೇಶದ ಮೂಲೆ ಮೂಲೆಗೆ ಹೋದವು, ಕಾರ್ಖಾನೆ ಇದ್ದ ಜಾಗಕ್ಕೆ ಯಂತ್ರಾಪುರ ಎಂದೇ ಹೆಸರಾಯಿತು. ಲೇತ್ ಮಾರುವುದು ಒಂದು ದಿನದ ಕೆಲಸವಲ್ಲ. ಮೊದಲು ವಿಚಾರಣೆ ಬರಬೇಕು, ಕೊಟೇಶನ್ ಹೋಗಬೇಕು, ದರದ ಜಗ್ಗಾಟ ಮುಗಿಯಬೇಕು. ಆಮೇಲೆ ಮುಂಗಡ, ರವಾನೆ, ಬಾಕಿ ವಸೂಲಿ. ವರ್ಷ ಕಳೆದ ಮೇಲೆ ಅದೇ ಪಾರ್ಟಿ ಬಿಡಿಭಾಗ ಕೇಳಿಕೊಂಡು ಮತ್ತೆ ಬರುತ್ತದೆ. ಈ ಎಲ್ಲ ಹೆಜ್ಜೆಗಳನ್ನು ಒಂದೆಡೆ ಬರೆದಿಡುವ ತಂತ್ರಾಂಶವನ್ನು ಇಂದು ಸಿಆರ್‌ಎಂ ಎನ್ನುತ್ತಾರೆ. ಹಿಂದೆ ದಾವಣಗೆರೆಯ ದಲಾಲಿ ಅಂಗಡಿಗಳಲ್ಲಿ ಈ ಕೆಲಸ ಗುಮಾಸ್ತರದಾಗಿತ್ತು. ಕಿರ್ದಿ, ಖಾತೆ ಅವರ ಕೈಯಲ್ಲಿ ಇರುತ್ತಿದ್ದವು. ಯಾರಿಗೆ ಎಷ್ಟು ಉದ್ರಿ ಕೊಡಬಹುದು ಎಂಬುದು ಅವರ ತಲೆಯಲ್ಲಿ ಇರುತ್ತಿತ್ತು.

ಈಗ ಆ ಜಾಗಕ್ಕೆ ಎಐ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ತಾನೇ ಹೆಜ್ಜೆ ಹೆಜ್ಜೆಯಾಗಿ ಮಾಡುವ ತಂತ್ರಾಂಶ ಬರುತ್ತಿದೆ. ಅದು ಬರುತ್ತಿರುವ ಬಾಗಿಲು ಕಮಾಂಡ್ ಲೈನ್, ಅಂದರೆ ಆಜ್ಞೆಯನ್ನು ಟೈಪ್ ಮಾಡಿ ಉತ್ತರವನ್ನು ಅಕ್ಷರದಲ್ಲೇ ಪಡೆಯುವ ಹಳೆಯ ಕಪ್ಪು ಪರದೆ. ಸಿಆರ್‌ಎಂ ಮತ್ತು ಕಮಾಂಡ್ ಲೈನ್ ಎಂಬ ಈ ಎರಡು ದಾರಿಗಳು ಕೂಡಿದ್ದು ಹೇಗೆ ಎಂದು ತಿಳಿದರೆ, ನಮ್ಮ ಅಂಗಡಿಯ ಬೀಗದ ಕೈಯನ್ನು ಎಷ್ಟರ ಮಟ್ಟಿಗೆ ಅದಕ್ಕೆ ಒಪ್ಪಿಸಬಹುದು ಎಂಬುದೂ ತಿಳಿಯುತ್ತದೆ.

ಮಾರಾಟಗಾರರ ವಿಳಾಸ ಪುಸ್ತಕವನ್ನು ಕಂಪ್ಯೂಟರಿಗೆ ತಂದ ಆ್ಯಕ್ಟ್ ತಂತ್ರಾಂಶ ಬಂದದ್ದು 1987ರಲ್ಲಿ. 1993ರಲ್ಲಿ ಹುಟ್ಟಿದ ಸೀಬೆಲ್ ದೊಡ್ಡ ಕಂಪನಿಗಳ ಸರ್ವರುಗಳಲ್ಲಿ ನೆಲೆಯೂರಿತು. 1999ರಲ್ಲಿ ಆರಂಭವಾದ ಸೇಲ್ಸ್‌ಫೋರ್ಸ್ ಇಡೀ ಖಾತೆಯನ್ನು ಇಂಟರ್ನೆಟ್ಟಿಗೆ ಏರಿಸಿ ತಿಂಗಳ ಬಾಡಿಗೆಗೆ ಕೊಟ್ಟಿತು. ಚೆನ್ನೈನ ಜೋಹೊ 2005ರಲ್ಲಿ ತನ್ನ ಸಿಆರ್‌ಎಂ ತಂದಿತು, ಬೆಂಗಳೂರಿನ ಲೀಡ್‌ಸ್ಕ್ವೇರ್ಡ್ 2011ರಲ್ಲಿ ಹುಟ್ಟಿತು. ಆದರೆ ನಮ್ಮ ಸಣ್ಣ ವ್ಯಾಪಾರಿಯ ಮೇಜಿನ ಮೇಲೆ ನೆಲೆ ನಿಂತದ್ದು 1986ರಲ್ಲಿ ಶುರುವಾದ ಟ್ಯಾಲಿ. ಅದರ ಪಕ್ಕದಲ್ಲಿ ಒಂದು ನೋಟ್‌ಬುಕ್, 2018ರ ನಂತರ ವಾಟ್ಸ್ಆ್ಯಪ್ ಬಿಸಿನೆಸ್. ಲೆಕ್ಕ ಟ್ಯಾಲಿಯಲ್ಲಿ, ಮಾತುಕತೆ ಫೋನಿನಲ್ಲಿ, ಗಿರಾಕಿಯ ಸ್ವಭಾವ ಮಾಲೀಕರ ನೆನಪಿನಲ್ಲಿ. ಬಿಡಿಬಿಡಿಯಾದ ಈ ಮೂರೇ ನಮ್ಮವರ ನಿಜವಾದ ಸಿಆರ್‌ಎಂ.

ಕಮಾಂಡ್ ಲೈನಿನ ಕಥೆ ಇನ್ನೂ ಹಳೆಯದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಕೆಲಸ ಶುರುವಾಯಿತು. ಒಂದು ಪ್ರೋಗ್ರಾಮಿನ ಉತ್ತರವನ್ನು ನೇರ ಇನ್ನೊಂದಕ್ಕೆ ಹರಿಸುವ ಪೈಪ್ ಎಂಬ ಏರ್ಪಾಟು 1973ರಲ್ಲಿ ಸೇರಿತು. ಡಗ್ ಮ್ಯಾಕಿಲ್ರಾಯ್ ಅವರ ಆ ವಿಚಾರ ಸರಳ: ಪ್ರತಿ ಸಲಕರಣೆ ಒಂದೇ ಕೆಲಸವನ್ನು ಚೆನ್ನಾಗಿ ಮಾಡಲಿ, ಎಲ್ಲವೂ ಅಕ್ಷರದಲ್ಲೇ ಮಾತಾಡಲಿ. ಮುಂದೆ ಮೌಸ್, ಬಣ್ಣದ ಕಿಟಕಿಗಳು ಬಂದು ಈ ಪರದೆ ಪ್ರೋಗ್ರಾಮರುಗಳ ಮನೆಗಷ್ಟೇ ಉಳಿಯಿತು. ಸೇಲ್ಸ್‌ಫೋರ್ಸ್, ಹಬ್‌ಸ್ಪಾಟ್ ತಮ್ಮದೇ ಕಮಾಂಡ್ ಸಲಕರಣೆಗಳನ್ನು ಕೊಟ್ಟದ್ದೂ ಪ್ರೋಗ್ರಾಮರುಗಳಿಗಾಗಿಯೇ.

ಭಾಷಾ ಮಾದರಿಗಳು ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ ಮಾತಾಡುತ್ತಿತ್ತು, ಆದರೆ ಅದಕ್ಕೆ ಕೈಗಳಿರಲಿಲ್ಲ. 2023ರ ಜೂನಿನಲ್ಲಿ ಓಪನ್‌ಎಐ, ಮಾದರಿಯೇ ಹೊರಗಿನ ಸಲಕರಣೆಯನ್ನು ಹೆಸರಿಸಿ ಕರೆಯುವ ವ್ಯವಸ್ಥೆ ಮಾಡಿತು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್, ಇಂಥ ಜೋಡಣೆಗೆಲ್ಲ ಒಂದೇ ಬಗೆಯ ಪ್ಲಗ್ ಇರಲಿ ಎಂದು ಎಂಸಿಪಿ ಎಂಬ ಒಪ್ಪಂದವನ್ನು ಹೊರತಂದಿತು. 2025ರಲ್ಲಿ ಕ್ಲಾಡ್ ಕೋಡ್, ಕೋಡೆಕ್ಸ್, ಜೆಮಿನಿ ಎಂಬ ಏಜೆಂಟುಗಳು ಒಂದರ ಹಿಂದೆ ಒಂದು ಅದೇ ಕಪ್ಪು ಪರದೆಯಲ್ಲಿ ಬಂದು ಕುಳಿತವು. ಕಾರಣ ಸ್ಪಷ್ಟ. ಈ ಮಾದರಿಗಳು ಕಲಿತದ್ದು ಅಕ್ಷರದಿಂದ, ಕಮಾಂಡ್ ಸಲಕರಣೆ ಕೊಡುವುದೂ ಅಕ್ಷರವನ್ನೇ. ಎಂಸಿಪಿಯಲ್ಲಿ ಸಾಮಾನ್ಯವಾಗಿ ಎಲ್ಲ ಸಲಕರಣೆಗಳ ವಿವರಣೆಯನ್ನೂ ಮೊದಲೇ ಮಾದರಿಯ ಮುಂದೆ ಹರಡಬೇಕು. ಕಮಾಂಡ್ ಲೈನಿನಲ್ಲಿ ಏಜೆಂಟ್ ತನಗೆ ಬೇಕಾದಾಗ ಸಹಾಯದ ಪುಟ ತೆರೆದು ಓದಿಕೊಳ್ಳುತ್ತದೆ, ತಪ್ಪಿದರೆ ದೋಷದ ಸಂದೇಶ ನೋಡಿ ತಿದ್ದಿಕೊಳ್ಳುತ್ತದೆ. ಸಣ್ಣ ವ್ಯವಹಾರಕ್ಕೆ ಈ ದಾರಿಯೇ ಹಗುರ ಎಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಪಂಪ್‌ಸೆಟ್ ಮಾರುವವರೊಬ್ಬರು ಬೆಳಿಗ್ಗೆ ಕೇಳುತ್ತಾರೆ: ‘ಹರಿಹರದ ಕಡೆ ಕೊಟೇಶನ್ ಕೊಟ್ಟು ಹದಿನೈದು ದಿನವಾದರೂ ಉತ್ತರ ಬಾರದ ಪಾರ್ಟಿಗಳು ಯಾವುವು?’ ಏಜೆಂಟ್ ಮೊದಲು ಸಿಆರ್‌ಎಂನಲ್ಲಿ ಯಾವ ಯಾವ ಕಾಲಂಗಳಿವೆ ಎಂದು ವಿಚಾರಿಸುತ್ತದೆ. ಬಳಿಕ ಊರು, ದಿನಾಂಕ, ಹಂತ ಹಾಕಿ ಪ್ರಶ್ನೆ ಕಳಿಸುತ್ತದೆ. ಬಂದ ಪಟ್ಟಿ ತೀರಾ ಚಿಕ್ಕದು. ಯಾಕೆಂದು ನೋಡಿದರೆ ಊರಿನ ಹೆಸರು ಕೆಲವೆಡೆ ‘ಹರಿಹರ್’, ಕೆಲವೆಡೆ ‘ಹರಿಹರ’, ಇನ್ನು ಕೆಲವೆಡೆ ರೈಲ್ವೆಯವರ ಮೂರಕ್ಷರದ ಸಂಕೇತ. ದಾವಣಗೆರೆಯ ಪಾಡು ಇನ್ನೂ ಕಷ್ಟ. ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ನಡುವಿನ ‘ಎ’ ಅಕ್ಷರ ಇಡುತ್ತಾರೆ, ಕೆಲವರು ಬಿಡುತ್ತಾರೆ. ಒಬ್ಬನೇ ಗಿರಾಕಿ ಇಬ್ಬರಾಗಿ ಕುಳಿತಿರುತ್ತಾನೆ. ಇನ್ನು ಹರಿಹರದಿಂದ ತುಂಗಭದ್ರಾ ಸೇತುವೆ ದಾಟಿದರೆ ಕುಮಾರಪಟ್ಟಣ. ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಹೆಸರಿಗೆ ಹರಿಹರದ್ದು, ಇರುವುದು ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಹಾವೇರಿ ಜಿಲ್ಲೆಯಲ್ಲಿ. ಜಿಲ್ಲೆಯ ಕಾಲಂನಲ್ಲಿ ದಾವಣಗೆರೆ ಎಂದು ಹಾಕಿ ಹುಡುಕುವ ಏಜೆಂಟಿಗೆ ಆ ಗಿರಾಕಿ ಸಿಗುವುದೇ ಇಲ್ಲ. ಹಳೆಯ ಗುಮಾಸ್ತರಾಗಿದ್ದರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಹೊಸಬನಿಗೆ ಇವನ್ನೆಲ್ಲ ಒಂದು ಕಡತದಲ್ಲಿ ಬರೆದಿಡಬೇಕು. ನನ್ನ ದೃಷ್ಟಿಯಲ್ಲಿ ಇಡೀ ಜೋಡಣೆಯಲ್ಲಿ ಅತಿ ಹೆಚ್ಚು ಬೆಲೆ ಬಾಳುವ ವಸ್ತು ಆ ಕಡತವೇ.

ಇಲ್ಲಿಯವರೆಗಿನ ಕೆಲಸ ಓದುವುದು ಮಾತ್ರ. ಏಜೆಂಟ್ ಬರೆಯಲು ಶುರುಮಾಡಿದಾಗ ಏನಾಗುತ್ತದೆ ಎಂಬುದಕ್ಕೆ 2025 ಒಂದೇ ವರ್ಷ ಸಾಕಷ್ಟು ಪಾಠ ಕೊಟ್ಟಿದೆ. ಆ ವರ್ಷ ಸೇಲ್ಸ್‌ಫೋರ್ಸ್ ಸಂಶೋಧಕರೇ ಪ್ರಕಟಿಸಿದ ಸಿಆರ್‌ಎಂಅರೀನಾ-ಪ್ರೊ ಪರೀಕ್ಷೆಯಲ್ಲಿ, ಒಂದೇ ಮಾತಿನಲ್ಲಿ ಮುಗಿಯುವ ಕೆಲಸಗಳಲ್ಲಿ ಮುಂಚೂಣಿಯ ಏಜೆಂಟುಗಳು ಸುಮಾರು 58% ಗೆದ್ದವು. ನಾಲ್ಕಾರು ಮಾತಿನ ವಿನಿಮಯ ಬೇಕಾದ ಕೆಲಸಗಳಲ್ಲಿ ಅದು ಸುಮಾರು 35%ಕ್ಕೆ ಇಳಿಯಿತು. ಗುಟ್ಟಾಗಿಡಬೇಕಾದ ಮಾಹಿತಿ ಯಾವುದೆಂಬ ಅರಿವು ಬಹುತೇಕ ಇರಲೇ ಇಲ್ಲ. ಜುಲೈನಲ್ಲಿ ಜೇಸನ್ ಲೆಮ್ಕಿನ್ ಎಂಬ ಅಮೆರಿಕದ ಹೂಡಿಕೆದಾರರ ಪ್ರಯೋಗದಲ್ಲಿ, ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ರೆಪ್ಲಿಟ್ ಏಜೆಂಟ್ 1,200ಕ್ಕೂ ಹೆಚ್ಚು ಕಂಪನಿ ಅಧಿಕಾರಿಗಳ ದಾಖಲೆ ಇದ್ದ ಡೇಟಾಬೇಸನ್ನು ಅಳಿಸಿಹಾಕಿತು. ಆಗಸ್ಟಿನಲ್ಲಿ ಡ್ರಿಫ್ಟ್ ಎಂಬ ಚಾಟ್ ಏಜೆಂಟಿಗೆ ಕೊಟ್ಟಿದ್ದ ಪ್ರವೇಶ ಟೋಕನ್‌ಗಳು ಕಳುವಾಗಿ, 700ಕ್ಕೂ ಹೆಚ್ಚು ಸಂಸ್ಥೆಗಳ ಸೇಲ್ಸ್‌ಫೋರ್ಸ್ ಖಾತೆಗಳು ಅಪಾಯಕ್ಕೆ ಸಿಲುಕಿದವು.

ಸೆಪ್ಟೆಂಬರಿನಲ್ಲಿ ಸೇಲ್ಸ್‌ಫೋರ್ಸ್‌ನ ಏಜೆಂಟಿನಲ್ಲಿ ಬಯಲಾದ ‘ಫೋರ್ಸ್ಡ್‌ಲೀಕ್’ ದೋಷವನ್ನು ಪ್ರತಿ ವ್ಯಾಪಾರಿಯೂ ತಿಳಿದಿರಬೇಕು. ವೆಬ್‌ಸೈಟಿನ ವಿಚಾರಣೆ ಫಾರಂನಲ್ಲಿ ಗಿರಾಕಿಯ ವೇಷದಲ್ಲಿ ಬಂದವನು ವಿವರದ ಜಾಗದಲ್ಲಿ ಏಜೆಂಟಿಗೇ ಆಜ್ಞೆ ಬರೆದಿಟ್ಟರೆ, ಏಜೆಂಟ್ ಅದನ್ನು ಓದುವಾಗ ಮಾಲೀಕರ ಮಾತೆಂದೇ ಭಾವಿಸಿ ಮಾಹಿತಿಯನ್ನು ಹೊರಗೆ ಕಳಿಸಬಹುದಿತ್ತು. ಸಂಶೋಧಕರು ಇದನ್ನು ತೋರಿಸಲು ಬಳಸಿದ್ದು ಅವಧಿ ಮುಗಿದಿದ್ದ, ಐದು ಡಾಲರಿಗೆ ಸಿಕ್ಕ ಒಂದು ವೆಬ್ ವಿಳಾಸ. ದೋಷದ ತೀವ್ರತೆಗೆ ಸಿಕ್ಕ ಅಂಕ 10ಕ್ಕೆ 9.4. ಸೇಲ್ಸ್‌ಫೋರ್ಸ್ ಅದನ್ನು ಸರಿಪಡಿಸಿದೆ, ಆದರೆ ಹೊರಗಿನವರು ಬರೆದ ಸಾಲುಗಳನ್ನು ಓದುವ ಯಾವ ಏಜೆಂಟಿಗೂ ಈ ಅಪಾಯ ತಪ್ಪಿದ್ದಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಓದಲು ಮಾತ್ರ ಅನುಮತಿ ಇರುವ ಟೋಕನ್ ಕೊಡಿ. ಏಜೆಂಟ್ ಹೊಡೆದ ಪ್ರತಿ ಆಜ್ಞೆಯೂ ಲಾಗ್ ಕಡತದಲ್ಲಿ ದಾಖಲಾಗಲಿ, ಕಮಾಂಡ್ ಲೈನಿನ ದೊಡ್ಡ ಅನುಕೂಲವೇ ಅದು. ಬರೆಯುವ ಕೆಲಸ ಬಂದಾಗ ಏನು ಬದಲಾಗುತ್ತದೆ ಎಂದು ಅದು ತೋರಿಸಲಿ, ಒಬ್ಬ ಮನುಷ್ಯ ನೋಡಿ ಒಪ್ಪಲಿ. ಅಳಿಸುವ ಅಧಿಕಾರ ಬೇಡವೇ ಬೇಡ. ಗಿರಾಕಿಗಳ ಮಾಹಿತಿ ಸೋರಿದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಲ್ಲದು. ಗಿರಾಕಿಯ ಫೋನ್ ನಂಬರ್ ಈಗ ಅಂಗಡಿಯ ಸ್ವಂತ ಆಸ್ತಿಯಲ್ಲ.

ದುಬಾರಿ ಸಿಆರ್‌ಎಂ ಕೊಳ್ಳದೆಯೂ ಶುರುಮಾಡಬಹುದು. ಟ್ಯಾಲಿಯ ಸೆಟ್ಟಿಂಗಿನಲ್ಲಿ ಅನುಮತಿ ಕೊಟ್ಟರೆ ಅದು ಅದೇ ಕಂಪ್ಯೂಟರಿನ 9000ನೇ ಪೋರ್ಟಿನಲ್ಲಿ ಎಕ್ಸ್‌ಎಂಎಲ್ ಪ್ರಶ್ನೆಗಳಿಗೆ ಉತ್ತರಿಸುತ್ತದೆ. ಬಾಕಿ ಪಟ್ಟಿಯನ್ನಷ್ಟೇ ಓದಿ ಕೊಡುವ ಒಂದು ಚಿಕ್ಕ ಕಮಾಂಡ್ ಬರೆಯುವುದು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಮೀರಿದ ಕೆಲಸವಲ್ಲ. ದಾವಣಗೆರೆಯಲ್ಲಿ 1951ರಿಂದ ಬಿಡಿಟಿ ಕಾಲೇಜಿದೆ, 1979ರಿಂದ ಬಾಪೂಜಿ ಕಾಲೇಜಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಒಂದು ಮಧ್ಯಾಹ್ನ ಮಂಡಿಪೇಟೆಗೋ ಹರಿಹರದ ವರ್ಕ್‌ಶಾಪಿಗೋ ಹೋಗಿ, ಗಿರಾಕಿಗಳ ಹೆಸರನ್ನು ಅಲ್ಲಿ ಹೇಗೆಲ್ಲ ಬರೆಯುತ್ತಾರೆ ಎಂದು ಕೇಳಿ ಬನ್ನಿ. ಕನ್ನಡದ ಹೆಸರು ತಿಳಿಯುವ, ಓದಲು ಮಾತ್ರ ಬಲ್ಲ ಆ ಕಮಾಂಡನ್ನು ನೀವೇ ಬರೆಯಿರಿ.