ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ

ಅಮೆರಿಕದ ಲೇಖಕಿ ಮಿಲ್ಡ್ರೆಡ್ ಡಿ. ಟೇಲರ್ ಅವರ ಮಕ್ಕಳ ಕಾದಂಬರಿ. 1976ರಲ್ಲಿ ಪ್ರಕಟವಾಗಿ, 1977ರ ನ್ಯೂಬೆರಿ ಪದಕ ಪಡೆಯಿತು. ಮಹಾ ಆರ್ಥಿಕ ಕುಸಿತದ ಕಾಲದ ಮಿಸಿಸಿಪ್ಪಿಯ ಹಳ್ಳಿಗಾಡು ಇದರ ನೆಲ. ಒಂಬತ್ತರ ಹುಡುಗಿ ಕ್ಯಾಸಿ ಲೋಗನ್ ಕಥೆ ಹೇಳುತ್ತಾಳೆ.

ಸುತ್ತಲಿನ ಕರಿಯ ಕುಟುಂಬಗಳಲ್ಲಿ ಹೆಚ್ಚಿನವು ಬಿಳಿಯರ ಹೊಲದಲ್ಲಿ ಪಾಲಿಗೆ ದುಡಿದು ಸಾಲದಲ್ಲಿ ಮುಳುಗಿವೆ. ಲೋಗನ್ ಮನೆತನಕ್ಕೆ 400 ಎಕರೆ ಸ್ವಂತ ಜಮೀನಿದೆ. ಅದನ್ನು ಉಳಿಸಿಕೊಳ್ಳಲು ತಂದೆ ಊರು ಬಿಟ್ಟು ರೈಲು ಹಳಿಯ ಕೆಲಸಕ್ಕೆ ಹೋಗುತ್ತಾನೆ, ತಾಯಿ ಶಾಲೆಯಲ್ಲಿ ಕಲಿಸುತ್ತಾಳೆ.

ಜನಾಂಗದ್ವೇಷ ಮಕ್ಕಳ ಅನುಭವಕ್ಕೆ ಬರುವುದು ದಿನನಿತ್ಯದ ವಸ್ತುಗಳ ಮೂಲಕ. ಆರು ವರ್ಷದ ತಮ್ಮ ಲಿಟಲ್ ಮ್ಯಾನ್‌ಗೆ ಸಿಕ್ಕ ಪಠ್ಯಪುಸ್ತಕದ ಒಳಹೊದಿಕೆಯಲ್ಲಿ ಒಂದು ಪಟ್ಟಿ ಅಂಟಿಸಿದೆ: 11 ಸಲ ಬಿಳಿಯ ಮಕ್ಕಳು ಬಳಸಿ ಹಾಳಾದ ಪುಸ್ತಕ 12ನೆಯ ಸಲ ಕರಿಯ ಮಗುವಿನ ಪಾಲಿಗೆ ಬಂದಿದೆ. ಹುಡುಗ ಅದನ್ನು ನೆಲಕ್ಕೆಸೆದು ತುಳಿದು ಏಟು ತಿನ್ನುತ್ತಾನೆ. ತಾಯಿ ತನ್ನ ತರಗತಿಯ ಪುಸ್ತಕಗಳಲ್ಲಿನ ಆ ಪಟ್ಟಿಯ ಮೇಲೆ ಕಾಗದ ಅಂಟಿಸಿ ಮುಚ್ಚುತ್ತಾಳೆ. ಗುಲಾಮಗಿರಿಯ ಬಗ್ಗೆ ಪಠ್ಯದಲ್ಲಿಲ್ಲದ್ದನ್ನು ಕಲಿಸಿದಳೆಂದು ಮುಂದೆ ಅವಳ ಕೆಲಸವೇ ಹೋಗುತ್ತದೆ.

ಬಿಳಿಯ ಮಕ್ಕಳಿಗೆ ಶಾಲಾ ಬಸ್ಸುಂಟು. ನಡೆದು ಹೋಗುವ ಕರಿಯ ಮಕ್ಕಳ ಮೇಲೆ ಅದು ಬೇಕೆಂದೇ ಕೆಸರು ಹಾರಿಸುತ್ತದೆ. ಮಕ್ಕಳು ರಸ್ತೆಗೆ ಅಡ್ಡಲಾಗಿ ಗುಂಡಿ ತೋಡಿ ಬಸ್ಸನ್ನು ಕೆಡವುತ್ತಾರೆ. ಆದರೆ ಕೊನೆಯಲ್ಲಿ, ನೆರೆಯ ಹುಡುಗ ಟಿ.ಜೆ.ಯನ್ನು ಗಲ್ಲಿಗೇರಿಸಲು ಬಂದ ಗುಂಪಿನ ಮುಂದೆ ಇಂಥ ಹುಡುಗಾಟದ ಸೇಡು ನಡೆಯದು. ತಂದೆ ತನ್ನದೇ ಹತ್ತಿ ಬೆಳೆಗೆ ಬೆಂಕಿಯಿಟ್ಟು ಗುಂಪನ್ನು ಅತ್ತ ಸೆಳೆಯುತ್ತಾನೆ.

ಟೇಲರ್ ಹುಟ್ಟಿದ್ದು 1943ರಲ್ಲಿ, ಮಿಸಿಸಿಪ್ಪಿಯ ಜ್ಯಾಕ್ಸನ್‌ನಲ್ಲಿ, ಬೆಳೆದದ್ದು ಓಹಾಯೊದಲ್ಲಿ. ತಂದೆ ಹೇಳುತ್ತಿದ್ದ ಮನೆತನದ ಕಥೆಗಳೇ ಅವರಿಗೆ ಮೂಲ. 1975ರ ‘ಸಾಂಗ್ ಆಫ್ ದ ಟ್ರೀಸ್’ನಿಂದ ಆರಂಭವಾದ ಲೋಗನ್ ಕಥಾಸರಣಿ 2020ರವರೆಗೂ ಮುಂದುವರಿಯಿತು.