ಹಾವುಮೀನಿನ ಅಳಿವು ಮತ್ತು ಹೊಣೆಯ ಪಾಲು

ಹಿಂಸೆಯನ್ನು ತಾನೇ ಮಾಡುವುದು ಕೃತ, ಇತರರಿಂದ ಮಾಡಿಸುವುದು ಕಾರಿತ, ಮಾಡಿದುದನ್ನು ಸಮ್ಮತಿಸುವುದು ಅನುಮೋದಿತ ಎಂದು ಜೈನಾಚಾರ್ಯರು ವಿಂಗಡಿಸಿದ್ದಾರೆ. ಈ ವಿವೇಚನೆ ಶ್ರಾವಕನ ದಿನಚರಿಗಷ್ಟೇ ಸೀಮಿತವಾದುದಲ್ಲ. ಒಂದು ನಾಡಿನ ನಡವಳಿಕೆಯನ್ನು ಪರಿಶೀಲಿಸಲೂ ಅದು ಒದಗುತ್ತದೆ. ಐರ್ಲೆಂಡಿನ ಹಾವುಮೀನುಗಳ ವೃತ್ತಾಂತ ಇದಕ್ಕೆ ನಿದರ್ಶನವಾಗಿದೆ.

ಯುರೋಪಿನ ಹಾವುಮೀನು ಹುಟ್ಟುವುದು ಅಟ್ಲಾಂಟಿಕ್ ಸಾಗರದ ಆಚೆಬದಿಯ ಸಾರ್ಗಾಸೋ ಸಮುದ್ರದಲ್ಲಿ. ಡೆನ್ಮಾರ್ಕಿನ ವಿಜ್ಞಾನಿ ಯೊಹಾನೆಸ್ ಸ್ಮಿತ್ ಹಲವು ವರ್ಷ ಸಾಗರವನ್ನು ಶೋಧಿಸಿ, 1920ರ ದಶಕದ ಆರಂಭದಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಮರಿಗಳು ಸಾಗರಪ್ರವಾಹದಲ್ಲಿ ತೇಲಿಬಂದು ಯುರೋಪಿನ ನದಿಗಳನ್ನೇರುತ್ತವೆ. ಅಲ್ಲಿ ಅನೇಕ ವರ್ಷ ಬೆಳೆದು, ಬದುಕಿನ ಕೊನೆಯಲ್ಲಿ ಒಮ್ಮೆ ಮಾತ್ರ ಸಂತಾನಕ್ಕಾಗಿ ಕಡಲಿಗೆ ಮರಳುತ್ತವೆ.

ಐರ್ಲೆಂಡಿನ ಅತಿ ಉದ್ದದ ನದಿ ಶಾನನ್. 1929ರಲ್ಲಿ ಅದರ ನೀರಿನಿಂದ ಆರ್ಡ್‌ನಕ್ರಶಾ ಜಲವಿದ್ಯುದಾಗಾರ ಆರಂಭವಾಯಿತು. ಹೊಸದಾಗಿ ಸ್ವಾತಂತ್ರ್ಯ ಪಡೆದ ನಾಡಿಗೆ ಅದು ಹೆಮ್ಮೆಯ ಕಾರ್ಯವಾಗಿತ್ತು. ಆದರೆ ಕಡಲಿಗೆ ಹೊರಟ ಹಾವುಮೀನುಗಳ ಹಾದಿಯಲ್ಲಿ ಅದರ ಯಂತ್ರಚಕ್ರಗಳು ನಿಂತವು.

1980ರ ದಶಕದಿಂದೀಚೆಗೆ ಯುರೋಪಿನ ತೀರ ಸೇರುವ ಮರಿಗಳ ಪ್ರಮಾಣ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕುಸಿಯಿತು. ಅತಿಯಾದ ಬೇಟೆ, ಅಣೆಕಟ್ಟು, ಜೌಗುನೆಲದ ನಾಶ, ಮಾಲಿನ್ಯ, ಹೊರಗಿನಿಂದ ಬಂದ ಪರೋಪಜೀವಿ ಹುಳು ಇವೆಲ್ಲವೂ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಎಣಿಸುತ್ತಾರೆ. ಮಾನವನ ಹಸ್ತಕ್ಷೇಪವಿಲ್ಲದಿದ್ದರೆ ಕಡಲಿಗೆ ಮರಳುತ್ತಿದ್ದ ಪ್ರೌಢ ಹಾವುಮೀನುಗಳ ಒಟ್ಟು ತೂಕದ ಕನಿಷ್ಠ 40 ಪ್ರತಿಶತವಾದರೂ ಪಾರಾಗಬೇಕೆಂಬ ಗುರಿಯನ್ನು ಯುರೋಪಿಯನ್ ಒಕ್ಕೂಟವು 2007ರಲ್ಲಿ ವಿಧಿಸಿತು. ಅದಕ್ಕೆ ತಕ್ಕ ಯೋಜನೆಯನ್ನು ಆಯಾ ದೇಶವೇ ರೂಪಿಸಬೇಕಿತ್ತು.

ಐರ್ಲೆಂಡ್ 2009ರಲ್ಲಿ ಹಾವುಮೀನು ಹಿಡಿಯುವುದನ್ನೇ ನಿಷೇಧಿಸಿತು. ಮೀನುಗಾರರ ಆ ಕಸುಬು ಒಮ್ಮೆಲೇ ನಿಂತಿತು. ವಿದ್ಯುದಾಗಾರ ನಿಲ್ಲಲಿಲ್ಲ. ಬದಲಿಗೆ ವಿದ್ಯುತ್ ಸಂಸ್ಥೆಯು ಅಣೆಕಟ್ಟಿನ ಮೇಲ್ಭಾಗದಲ್ಲಿ ಹಾವುಮೀನುಗಳನ್ನು ಹಿಡಿಸಿ, ವಾಹನಗಳಲ್ಲಿ ಸಾಗಿಸಿ, ಕೆಳಗಿನ ನೀರಿಗೆ ಬಿಡಿಸುವ ವೆಚ್ಚವನ್ನು ಹೊತ್ತಿತು. ಶಾನನ್ನಿನಲ್ಲಿ ಇದರ ಗುರಿ, ಕಡಲಿಗಿಳಿಯುವ ವಾರ್ಷಿಕ ಸಮೂಹದ 30 ಪ್ರತಿಶತ. ಉಳಿದವು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳಬೇಕು.

ಬಲೆಗಳು ಮೇಲೆದ್ದುದು ಅಹಿಂಸೆಯನ್ನು ನಂಬಿದವರಿಗೆ ಸಂತೋಷದ ಸಂಗತಿಯೇ. ಆದರೂ ಮೀನುಗಾರನ ಹಿಂಸೆ ಕಣ್ಣಿಗೆ ಕಾಣುವ ಕೃತ. ದೀಪದ ಬೆಳಕನ್ನು ಉಂಡವರ ಪಾಲು ಕಾಣದ ಕಾರಿತ, ಅನುಮೋದಿತ. ಮೊದಲನೆಯವನು ಕಸುಬನ್ನೇ ಕಳೆದುಕೊಂಡನು. ಇತರರು ಅಲ್ಪ ವೆಚ್ಚದಲ್ಲಿ ಪಾರಾದರು. ಪ್ರಾಯಶ್ಚಿತ್ತವು ದೋಷಕ್ಕೆ ತಕ್ಕಂತಿರಬೇಕೇ ಹೊರತು ದುರ್ಬಲನ ತಲೆಗೆ ಕಟ್ಟುವ ಹೊರೆಯಾಗಬಾರದು. ಕಸುಬು ತೊರೆದವನಿಗೆ ಬೇರೊಂದು ಬಾಳನ್ನು ಒದಗಿಸುವುದೂ, ಯಂತ್ರದ ಬಾಯಿಂದ ಹೆಚ್ಚು ಜೀವಗಳನ್ನು ಉಳಿಸುವುದೂ ಬೆಳಕಿನಲ್ಲಿ ಕುಳಿತ ಎಲ್ಲರ ಹೊಣೆಯಾಗಿದೆ.